‘ವಿವರಣೆ ಜಾಸ್ತಿ, ವಿಶ್ಲೇಷಣೆ ಸಾಲದು’ ಅಂತ ಅಸೈನ್‌ಮೆಂಟ್ ವಾಪಸ್ ಬಂದಿದೆ, ಏನು ಮಾಡಲಿ?

ಪ್ರಶ್ನೆ: ನಾನು ಗೋದಾಮೊಂದರಲ್ಲಿ ಶಿಫ್ಟ್ ಟೀಮ್ ಲೀಡರ್. ಒಂಬತ್ತು ವರ್ಷದ ಅನುಭವ, ಕೈಕೆಳಗೆ ಹನ್ನೆರಡು ಜನ. ಕಂಪನಿಯವರು ಬ್ರಿಟನ್‌ನ ಐಎಲ್‌ಎಂ ಸಂಸ್ಥೆಯ ಲೆವೆಲ್ 3 ಲೀಡರ್‌ಶಿಪ್ ಅಂಡ್ ಮ್ಯಾನೇಜ್‌ಮೆಂಟ್ ಕೋರ್ಸಿಗೆ ಸೇರಿಸಿದ್ದಾರೆ. ಮೊದಲ ಅಸೈನ್‌ಮೆಂಟ್ ಕೆಲಸದ ಜಾಗದ ಒಂದು ಸಮಸ್ಯೆಯನ್ನು ಬಿಡಿಸುವುದರ ಬಗ್ಗೆ. ಶಿಫ್ಟ್ ಬದಲಾಗುವಾಗ ಮಾಹಿತಿ ತಪ್ಪಿಹೋಗಿ ಲಾರಿಗೆ ತಪ್ಪು ಸರಕು ಏರುತ್ತಿತ್ತು. ಅದನ್ನು ಸರಿಪಡಿಸಿದ್ದನ್ನು ಬರೆದೆ. ಆರು ಕ್ರೈಟೀರಿಯಾಗಳಲ್ಲಿ (ಅಂಕ ಕೊಡುವ ಮಾನದಂಡಗಳಲ್ಲಿ) ಮೂರರಲ್ಲಿ ರೆಫರ್ ಆಗಿದೆ. ‘ವಿವರಣೆ ಜಾಸ್ತಿ, ವಿಶ್ಲೇಷಣೆ ಸಾಲದು’ ಅಂತ ಅಸೆಸರ್ ಬರೆದಿದ್ದಾರೆ. ಕೆಲಸ ಮಾಡಿಯೇ ತೋರಿಸಿದ್ದೇನೆ, ಇನ್ನೇನು ವಿಶ್ಲೇಷಣೆ ಬೇಕು? ಥಿಯರಿ ಜಾಸ್ತಿ ಹಾಕಬೇಕಾ? ಬರೆದದ್ದನ್ನು ಮ್ಯಾನೇಜರ್‌ಗೆ ತೋರಿಸಬಹುದಾ? ಒಂದು ಪ್ಯಾರಾ ಜೊತೆಗೆ ಕಳಿಸಿದ್ದೇನೆ, ನೋಡಿ.

ಉತ್ತರ: ಮೊದಲು ಒಂದು ಸಮಾಧಾನದ ಮಾತು. ರೆಫರ್ ಅಂದರೆ ಫೇಲ್ ಅಲ್ಲ. ‘ಈ ಭಾಗ ಇನ್ನೊಮ್ಮೆ ಬರೆದು ಕೊಡಿ’ ಅಂತ ಅಷ್ಟೇ. ಪಾಸಾದ ಮೂರು ಕ್ರೈಟೀರಿಯಾಗಳ ತಂಟೆಗೆ ಹೋಗಬೇಡಿ. ಸಿಟ್ಟಿನಲ್ಲಿ ಇಡೀ ಅಸೈನ್‌ಮೆಂಟನ್ನೇ ಹೊಸದಾಗಿ ಬರೆದು, ಸರಿಯಿದ್ದುದನ್ನೂ ಕೆಡಿಸಿಕೊಂಡವರನ್ನು ನಾನು ನೋಡಿದ್ದೇನೆ.

ನಾನೂ ಒಮ್ಮೆ ರೆಫರ್ ಆದವನೇ. ನನ್ನದು ನಿಮ್ಮ ತಪ್ಪಿಗೆ ಪೂರ್ತಿ ಉಲ್ಟಾ. ನಾಲ್ಕು ಪುಟ ಥಿಯರಿ ತುಂಬಿ, ನನ್ನ ಟೀಮಿನ ಬಗ್ಗೆ ಆರು ಸಾಲು ಗೀಚಿದ್ದೆ. ಅಸೆಸರ್ ಅಂಚಿನಲ್ಲಿ ಒಂದೇ ಪ್ರಶ್ನೆ ಬರೆದಿದ್ದರು: ‘ಇದರಲ್ಲಿ ನೀವು ಎಲ್ಲಿದ್ದೀರಿ?’ ಆಮೇಲೆ ನಾನೇ ಅಸೆಸರ್ ಆಗಿ ಬೇರೆಯವರ ಬರಹ ಓದತೊಡಗಿದಾಗ ಆ ಪ್ರಶ್ನೆಯ ಬೆಲೆ ಗೊತ್ತಾಯಿತು.

ಈಗ ನಿಮ್ಮ ಪ್ಯಾರಾಕ್ಕೆ ಬರೋಣ. ನೀವು ಬರೆದದ್ದು ಹೀಗಿದೆ: ‘ನಮ್ಮಲ್ಲಿ ಶಿಫ್ಟ್ ಬದಲಾಗುವಾಗ ಸರಿಯಾದ ಮಾಹಿತಿ ಸಿಗುತ್ತಿರಲಿಲ್ಲ. ಇದರಿಂದ ತುಂಬಾ ತೊಂದರೆ ಆಗುತ್ತಿತ್ತು. ನಾನು ಟೀಮಿನ ಜೊತೆ ಮೀಟಿಂಗ್ ಮಾಡಿ ಹೊಸ ಹ್ಯಾಂಡೋವರ್ ಫಾರ್ಮ್ ತಂದೆ. ಎಲ್ಲರೂ ಒಪ್ಪಿದರು. ಈಗ ಪರಿಸ್ಥಿತಿ ಚೆನ್ನಾಗಿದೆ.’

ಇದರಲ್ಲಿ ಸುಳ್ಳು ಏನೂ ಇಲ್ಲ. ಆದರೆ ಇದನ್ನು ಓದುವ ಅಸೆಸರ್ ನಿಮ್ಮ ಗೋದಾಮು ನೋಡಿಲ್ಲ, ನಿಮ್ಮ ಹನ್ನೆರಡು ಜನರನ್ನು ನೋಡಿಲ್ಲ, ನೀವು ರಾತ್ರಿಯೆಲ್ಲ ತಲೆ ಕೆಡಿಸಿಕೊಂಡದ್ದನ್ನೂ ನೋಡಿಲ್ಲ. ಅವರ ಮುಂದೆ ಇರುವುದು ಈ ಐದು ಸಾಲು ಮಾತ್ರ. ತುಂಬಾ ತೊಂದರೆ ಅಂದರೆ ಎಷ್ಟು? ಫಾರ್ಮೇ ಯಾಕೆ, ಬೇರೆ ದಾರಿ ಇರಲಿಲ್ವಾ? ಎಲ್ಲರೂ ಒಪ್ಪಿದರು ಅಂದರೆ ಒಬ್ಬರೂ ಗೊಣಗಲಿಲ್ಲವೇ? ಚೆನ್ನಾಗಿದೆ ಅಂತ ಹೇಳುತ್ತಿರುವವರು ಯಾರು, ಯಾವ ಲೆಕ್ಕದ ಮೇಲೆ?

ನೀವು ಏನು ಮಾಡಿದಿರಿ ಅನ್ನುವುದು ಪ್ಯಾರಾದಲ್ಲಿ ಇದೆ. ಹಾಗೆ ಯಾಕೆ ಮಾಡಿದಿರಿ ಅನ್ನುವುದು ಇಲ್ಲ. ಅಂಕ ಇರುವುದು ಆ ‘ಯಾಕೆ’ಯಲ್ಲಿ. ಒಂಬತ್ತು ವರ್ಷ ಕೆಲಸ ಮಾಡಿದವರಿಗೆ ಇಲ್ಲೇ ಕಷ್ಟ ಆಗುವುದು. ಕೈಗೆ ಎಷ್ಟು ಪಳಗಿರುತ್ತದೆ ಅಂದರೆ, ನಿರ್ಧಾರ ತಗೊಂಡದ್ದೇ ಗೊತ್ತಾಗಿರುವುದಿಲ್ಲ. ಹೊಸಬರು ಒಂದೊಂದು ಹೆಜ್ಜೆಗೂ ಯೋಚಿಸಿರುತ್ತಾರೆ. ಅದಕ್ಕೇ ಎಷ್ಟೋ ಸಲ ಅವರೇ ಚೆನ್ನಾಗಿ ಬರೆಯುತ್ತಾರೆ!

ಕ್ರೈಟೀರಿಯಾ ಓದುವಾಗ ಮೊದಲು ಕ್ರಿಯಾಪದಕ್ಕೆ ಗೆರೆ ಎಳೆಯಿರಿ. ಡಿಸ್ಕ್ರೈಬ್ ಅಂತ ಇದ್ದರೆ ಏನಿದೆ ಅಂತ ಹೇಳಿದರೆ ಸಾಕು. ಎಕ್ಸ್‌ಪ್ಲೇನ್ ಅಂತ ಇದ್ದರೆ ‘ಯಾಕೆಂದರೆ’ ಅನ್ನುವ ಪದ ಬರಲೇಬೇಕು. ಅನಲೈಸ್ ಅಂದರೆ ಒಂದು ವಿಷಯವನ್ನು ಬಿಡಿಬಿಡಿಯಾಗಿ ಬಿಚ್ಚಿ, ಒಂದಕ್ಕೊಂದು ಹೇಗೆ ತಾಗಿಕೊಂಡಿದೆ ಅಂತ ತೋರಿಸುವುದು. ಇವ್ಯಾಲ್ಯುಯೇಟ್ ಅಂದರೆ ಎರಡೂ ಕಡೆ ತೂಗಿ ಕೊನೆಗೆ ನಿಮ್ಮ ತೀರ್ಪು ಕೊಡುವುದು. ತೀರ್ಪಿಲ್ಲದೆ ‘ಇದರಲ್ಲಿ ಈ ಲಾಭ, ಅದರಲ್ಲಿ ಆ ಲಾಭ’ ಅಂತ ನಿಲ್ಲಿಸಿದರೆ ಅರ್ಧ ಕೆಲಸ. ನೀವು ಆರೂ ಕ್ರೈಟೀರಿಯಾಗಳನ್ನು ಡಿಸ್ಕ್ರೈಬ್ ಅಂತಲೇ ತಿಳಿದು ಬರೆದಿದ್ದೀರಿ ಅಂತ ನನ್ನ ಊಹೆ. ಹಾಗಾಗಿಯೇ ವಿವರಿಸಿದರೆ ಸಾಕಾಗುವ ಕಡೆ ಪಾಸು, ತೂಗಬೇಕಾದ ಕಡೆ ರೆಫರ್.

ಇನ್ನೊಂದು ವಿಷಯ. ಐಎಲ್‌ಎಂ ಮಾರ್ಕ್‌ಶೀಟಿನಲ್ಲಿ ಸಾಮಾನ್ಯವಾಗಿ ಪ್ರತಿ ಕ್ರೈಟೀರಿಯನ್‌ಗೂ ಬೇರೆ ಬೇರೆ ಅಂಕ ಇರುತ್ತದೆ, ಮತ್ತು ಪ್ರತಿಯೊಂದರಲ್ಲೂ ಕನಿಷ್ಠ ಅರ್ಧದಷ್ಟು ಅಂಕ ಬರಬೇಕು. ಒಂದರಲ್ಲಿ ಭರ್ಜರಿ ಅಂಕ ತಗೊಂಡು ಇನ್ನೊಂದರ ಕೊರತೆ ತುಂಬಿಸುವ ಹಾಗಿಲ್ಲ. ಜೊತೆಗೆ ರೆಫರಲ್, ಪಾಸ್, ಗುಡ್ ಪಾಸ್ ಈ ಮೂರು ಹಂತದ ಬರಹ ಹೇಗಿರುತ್ತದೆ ಅಂತ ಪ್ರತಿ ಕ್ರೈಟೀರಿಯನ್ ಎದುರಿಗೂ ಬರೆದಿರುತ್ತಾರೆ. ಆ ಹಾಳೆ ನಿಮ್ಮ ಹತ್ತಿರ ಇಲ್ಲದಿದ್ದರೆ ಟ್ಯೂಟರ್ ಹತ್ತಿರ ಕೇಳಿ ತಗೊಳ್ಳಿ. ಅದನ್ನು ನೋಡದೆ ಬರೆಯುವುದು ಅಂದರೆ ಪ್ರಶ್ನೆಪತ್ರಿಕೆ ಓದದೆ ಉತ್ತರ ಬರೆದ ಹಾಗೆ. ನೀವು ಬರೆಯುವ ಉಪಶೀರ್ಷಿಕೆಗಳೂ ಕ್ರೈಟೀರಿಯಾಗಳ ಕ್ರಮದಲ್ಲೇ ಇರಲಿ. ಚಂದ ಕಾಣುವುದಿಲ್ಲ, ನಿಜ. ಆದರೆ ಓದುವವರು ಹುಡುಕಾಡುವುದು ತಪ್ಪುತ್ತದೆ.

ಈಗ ನಿಮ್ಮ ಸಮಸ್ಯೆಯನ್ನೇ ತಗೊಂಡು ಸ್ವಲ್ಪ ಕೆಲಸ ಮಾಡೋಣ. ಮುಂದಿನ ಅಂಕಿಗಳು ನಾನು ಉದಾಹರಣೆಗೆ ಹಾಕಿಕೊಂಡವು. ನಿಮ್ಮ ನಿಜವಾದ ಅಂಕಿಗಳನ್ನು ನಿಮ್ಮ ಲಾಗ್‌ನಿಂದಲೇ, ಅಂದರೆ ದಿನದಿನದ ದಾಖಲೆಯಿಂದಲೇ ತೆಗೆಯಬೇಕು.

ನಾಲ್ಕು ವಾರದ ಲಾಗ್ ಎಣಿಸಿದಿರಿ ಅಂದುಕೊಳ್ಳಿ. ತಪ್ಪು ಲೋಡ್ ಒಟ್ಟು 18. ಅದರಲ್ಲಿ 11, ಶಿಫ್ಟ್ ಬದಲಾದ ಮೊದಲ ಒಂದು ಗಂಟೆಯಲ್ಲೇ ಆಗಿವೆ. ಇದೊಂದೇ ಸಾಲು ನಿಮ್ಮ ‘ತುಂಬಾ ತೊಂದರೆ’ಗಿಂತ ಎಷ್ಟೋ ಪಾಲು ಮೇಲು. ಯಾಕೆಂದರೆ ಇದು ತೊಂದರೆ ಎಷ್ಟು ದೊಡ್ಡದು ಅಂತಲೂ ಹೇಳುತ್ತದೆ, ಎಲ್ಲಿದೆ ಅಂತಲೂ ಹೇಳುತ್ತದೆ. ಉಳಿದ 7 ತಪ್ಪುಗಳಿಗೆ ಬೇರೇನೋ ಕಾರಣ ಇರಬಹುದು, ಅವನ್ನು ಈ ಅಸೈನ್‌ಮೆಂಟಿಗೆ ಎಳೆದು ತರುವುದಿಲ್ಲ ಅಂತ ನೀವೇ ಗಡಿ ಹಾಕಿಕೊಳ್ಳಬಹುದು. ಗಡಿ ಹಾಕುವುದೂ ವಿಶ್ಲೇಷಣೆಯೇ.

ಆಮೇಲೆ ಐದು ಸಲ ಯಾಕೆ ಅಂತ ಕೇಳುವ ವಿಧಾನ. ಟೊಯೋಟಾ ಕಾರ್ಖಾನೆಗಳಿಂದ ಹಬ್ಬಿದ ಪದ್ಧತಿ ಇದು, ನಿಮಗೆ ಹೇಳಿ ಮಾಡಿಸಿದ ಹಾಗಿದೆ. ತಪ್ಪು ಸರಕು ಯಾಕೆ ಏರಿತು? ಲೋಡ್ ಮಾಡುವವರಿಗೆ ಬೇ ನಂಬರ್ (ಲಾರಿ ನಿಲ್ಲುವ ಜಾಗದ ನಂಬರ್) ಬದಲಾದದ್ದು ಗೊತ್ತಿರಲಿಲ್ಲ. ಯಾಕೆ ಗೊತ್ತಿರಲಿಲ್ಲ? ರಾತ್ರಿ ಲೀಡರ್ ಎದುರಿಗೆ ಸಿಕ್ಕ ಯಾರಿಗೋ ಬಾಯಲ್ಲಿ ಹೇಳಿ ಹೋಗಿದ್ದರು. ಯಾಕೆ ಹಗಲು ಲೀಡರ್‌ಗೇ ಹೇಳಲಿಲ್ಲ? ಅವರು ಆ ಹೊತ್ತಿಗೆ ಬ್ರೀಫಿಂಗ್‌ನಲ್ಲಿದ್ದರು. ಯಾಕೆ? ಬ್ರೀಫಿಂಗೂ ಆರಕ್ಕೇ, ಶಿಫ್ಟ್ ಬದಲಾಗುವುದೂ ಆರಕ್ಕೇ. ಯಾಕೆ ಹಾಗೆ? ರೋಸ್ಟರ್, ಅಂದರೆ ಶಿಫ್ಟ್ ವೇಳಾಪಟ್ಟಿ ಮಾಡುವಾಗ ಇಬ್ಬರು ಲೀಡರ್‌ಗಳು ಎದುರಾಬದುರು ಸಿಗಲು ಐದು ನಿಮಿಷವನ್ನೂ ಇಟ್ಟಿಲ್ಲ.

ನೋಡಿ, ಎಲ್ಲಿಂದ ಎಲ್ಲಿಗೆ ಬಂತು. ಜನರ ಅಸಡ್ಡೆ ಅಂತ ಶುರುವಾದದ್ದು ರೋಸ್ಟರ್‌ನಲ್ಲಿ ಬಂದು ನಿಂತಿತು. ನೀವು ತಂದದ್ದು ಫಾರ್ಮ್. ಫಾರ್ಮ್ ರೋಸ್ಟರನ್ನು ಬದಲಿಸುವುದಿಲ್ಲ, ಅಲ್ವಾ? ಇಲ್ಲಿ ಹೆಚ್ಚಿನವರು ಗಾಬರಿಯಾಗಿ ಈ ಐದನೇ ‘ಯಾಕೆ’ಯನ್ನೇ ಅಳಿಸಿಬಿಡುತ್ತಾರೆ, ತಮ್ಮ ನಿರ್ಧಾರ ತಪ್ಪಿನ ಹಾಗೆ ಕಾಣುತ್ತದೆ ಅಂತ. ದಯವಿಟ್ಟು ಅಳಿಸಬೇಡಿ. ಅಸೆಸರ್ ಹುಡುಕುತ್ತಿರುವುದು ಇದನ್ನೇ. ‘ಮೂಲ ಕಾರಣ ರೋಸ್ಟರ್. ರೋಸ್ಟರ್ ಬದಲಿಸುವ ಅಧಿಕಾರ ನನಗಿಲ್ಲ. ನನ್ನ ಕೈಯಲ್ಲಿರುವುದು ಫಾರ್ಮ್. ಅದರಿಂದ ಎಷ್ಟು ಸರಿಹೋಗುತ್ತದೆ, ಎಷ್ಟು ಹೋಗುವುದಿಲ್ಲ ಅಂತ ಹೀಗೆ ಲೆಕ್ಕ ಹಾಕಿದೆ’ ಅಂತ ಬರೆದರೆ, ಅದು ಲೆವೆಲ್ 3ಕ್ಕೆ ಬೇಕಾದ್ದಕ್ಕಿಂತ ಒಂದು ಗುಲಗಂಜಿ ಜಾಸ್ತಿಯೇ.

ಮುಂದೆ ಆಯ್ಕೆಗಳನ್ನು ತೂಗುವುದು. ಸರಳವಾದ ಒಂದು ಡಿಸಿಷನ್ ಗ್ರಿಡ್ ಸಾಕು. ಮೂರು ಆಯ್ಕೆ ಇಟ್ಟುಕೊಳ್ಳೋಣ: ಹ್ಯಾಂಡೋವರ್ ಫಾರ್ಮ್, ಇಡೀ ಟೀಮ್ ಹತ್ತು ನಿಮಿಷ ಮೊದಲೇ ಬಂದು ನಿಂತುಕೊಂಡೇ ಮಾತಾಡುವುದು, ಹೊಸ ಸಾಫ್ಟ್‌ವೇರ್. ಅಳತೆಗೋಲು ಮೂರು: ತಪ್ಪು ಎಷ್ಟು ತಗ್ಗುತ್ತದೆ, ಇದಕ್ಕೆ ತೂಕ 5. ವೆಚ್ಚ, ತೂಕ 3. ಎಷ್ಟು ಬೇಗ ಶುರು ಮಾಡಬಹುದು, ತೂಕ 2. ಪ್ರತಿ ಆಯ್ಕೆಗೂ ಐದರೊಳಗೆ ಅಂಕ ಕೊಡಿ. ಫಾರ್ಮಿಗೆ 3, 5, 5 ಕೊಟ್ಟರೆ ತೂಕ ಸೇರಿ ಒಟ್ಟು 40. ಹತ್ತು ನಿಮಿಷದ ಮಾತಿಗೆ 4, 3, 4 ಕೊಟ್ಟರೆ 37. ಸಾಫ್ಟ್‌ವೇರ್‌ಗೆ 5, 1, 1 ಕೊಟ್ಟರೆ 30. ಫಾರ್ಮ್ ಗೆದ್ದಿತು.

ತುಂಬಾ ಜನ ಇಲ್ಲಿಗೆ ಪೆನ್ನು ಕೆಳಗಿಡುತ್ತಾರೆ. ಕೋಷ್ಟಕ ಹಾಕಿದ್ದೇನೆ, ಮುಗೀತು ಅಂತ. ಆದರೆ ಕೋಷ್ಟಕ ಕೂಡಿಸಿ ಕಳೆಯುತ್ತದೆ ಅಷ್ಟೇ, ಯೋಚಿಸಬೇಕಾದವರು ನೀವು. ವೆಚ್ಚದ ತೂಕವನ್ನು 3ರಿಂದ 1ಕ್ಕೆ ಇಳಿಸಿ ನೋಡಿ. ಫಾರ್ಮಿಗೆ 30, ಹತ್ತು ನಿಮಿಷದ ಮಾತಿಗೆ 31. ಗೆಲುವು ತಿರುಗಿತು! ಅಂದರೆ ನಿಮ್ಮ ನಿರ್ಧಾರ ನಿಂತಿರುವುದು ವೆಚ್ಚದ ಮೇಲೆ. ಹಾಗಾದರೆ ಆ ವೆಚ್ಚ ಎಷ್ಟು? ಹನ್ನೆರಡು ಜನ, ತಲಾ ಹತ್ತು ನಿಮಿಷ, ಅಂದರೆ ಪ್ರತಿ ಶಿಫ್ಟ್ ಬದಲಾವಣೆಗೂ ಎರಡು ಗಂಟೆಯ ಸಂಬಳ. ಅದೇ ಲೀಡರ್ ಒಬ್ಬರೇ ಹತ್ತು ನಿಮಿಷ ಮೊದಲು ಬಂದರೆ? ಹತ್ತೇ ನಿಮಿಷದ ಸಂಬಳ. ರೋಸ್ಟರ್‌ನ ಮೂಲ ತೊಂದರೆಗೂ ಇದು ನೇರವಾಗಿ ತಾಗುತ್ತದೆ. ಇದಕ್ಕೆ 4, 4, 4 ಕೊಟ್ಟರೆ ಮೊದಲಿನ ತೂಕದಲ್ಲೇ 40, ಫಾರ್ಮಿಗೆ ಸರಿಸಮ. ಮೂರು ಆಯ್ಕೆ ತೂಗಲು ಹೋಗಿ ನಾಲ್ಕನೆಯದು ಸಿಕ್ಕಿತು. ಹೀಗೆ ಕೋಷ್ಟಕವನ್ನು ಅಲುಗಾಡಿಸಿ ನೋಡಿದ್ದನ್ನು ನಾಲ್ಕು ಸಾಲಿನಲ್ಲಿ ಬರೆದರೆ, ಅಸೆಸರ್ ‘ವಿಶ್ಲೇಷಣೆ ಸಾಲದು’ ಅಂತ ಬರೆಯಲು ಜಾಗವೇ ಇರುವುದಿಲ್ಲ.

ಒಂದು ಎಚ್ಚರಿಕೆ. ನೀವು ಆಗ ತಂದದ್ದು ಫಾರ್ಮ್ ಮಾತ್ರ. ಈಗ ಬರೆಯುವಾಗ ‘ಲೀಡರನ್ನೂ ಬೇಗ ಕರೆಸಿದೆ’ ಅಂತ ಸೇರಿಸಬೇಡಿ. ನಡೆಯದ್ದನ್ನು ನಡೆಯಿತು ಅಂತ ಬರೆದರೆ, ಮುಂದೆ ಅಸೆಸರ್ ಕೂರಿಸಿ ಮಾತಾಡಿಸಿದಾಗ ಸಿಕ್ಕಿಬೀಳುತ್ತೀರಿ. ಅಸೈನ್‌ಮೆಂಟ್ ಜೊತೆ ‘ಇದು ನನ್ನದೇ ಕೆಲಸ’ ಅಂತ ಸಹಿಯನ್ನೂ ಹಾಕಿರುತ್ತೀರಿ. ‘ಈಗ ಹಿಂದಿರುಗಿ ನೋಡಿದರೆ ಈ ಆಯ್ಕೆ ನನ್ನ ಕಣ್ಣಿಗೆ ಬೀಳಬೇಕಿತ್ತು, ಮುಂದಿನ ರೋಸ್ಟರ್ ಆಗುವಾಗ ಇದನ್ನು ಮ್ಯಾನೇಜರ್ ಮುಂದಿಡುತ್ತೇನೆ’ ಅಂತ ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ. ಅಂಕ ಕಳೆಯುವುದಿಲ್ಲ.

ಫಲಿತಾಂಶದ ಭಾಗಕ್ಕೂ ಇದೇ ಮಾತು. ಫಾರ್ಮ್ ಬಂದ ಮೇಲಿನ ನಾಲ್ಕು ವಾರದಲ್ಲಿ ತಪ್ಪು 18ರಿಂದ 9ಕ್ಕೆ ಇಳಿಯಿತು ಅನ್ನಿ. ‘ಅರ್ಧಕ್ಕರ್ಧ ತಗ್ಗಿಸಿದೆ’ ಅಂತ ಎದೆ ತಟ್ಟಿಕೊಳ್ಳುವ ಮೊದಲು ಒಳಗಿನ ಲೆಕ್ಕ ಬಿಡಿಸಿ. ಮೊದಲ ಗಂಟೆಯ ತಪ್ಪು 11ರಿಂದ 4ಕ್ಕೆ ಬಂದಿದೆ. ಉಳಿದ ಹೊತ್ತಿನದು 7ರಿಂದ 5ಕ್ಕೆ. ಆ ಎರಡನೇ ಇಳಿಕೆಗೂ ನಿಮ್ಮ ಫಾರ್ಮಿಗೂ ಸಂಬಂಧ ಇದೆ ಅಂತ ಹೇಗೆ ಹೇಳುತ್ತೀರಿ? ಆ ತಿಂಗಳು ಲಾರಿಗಳೇ ಕಡಿಮೆ ಬಂದಿದ್ದವೇನೋ. ಅದನ್ನೂ ಒಂದು ಸಾಲಿನಲ್ಲಿ ಒಪ್ಪಿಕೊಳ್ಳಿ. ‘ಎಲ್ಲರೂ ಒಪ್ಪಿದರು’ ಅಂತ ಬರೆದಿದ್ದೀರಲ್ಲ, ಅದನ್ನು ಯಾವ ಅಸೆಸರ್ ಕೂಡ ನಂಬುವುದಿಲ್ಲ. ಹೊಸ ಫಾರ್ಮ್ ಅಂದ ಕೂಡಲೇ ‘ಇದೊಂದು ಬಾಕಿ ಇತ್ತು’ ಅನ್ನುವವರು ಒಬ್ಬರಾದರೂ ಇದ್ದೇ ಇರುತ್ತಾರೆ. ಅವರು ಏನಂದರು, ನೀವು ಏನು ಮಾಡಿದಿರಿ ಅಂತ ಬರೆಯಿರಿ.

ಥಿಯರಿ ವಿಷಯಕ್ಕೆ ಬರುತ್ತೇನೆ. ಜಾಸ್ತಿ ಬೇಡ. ಇಂತಹ ಅಸೈನ್‌ಮೆಂಟಿಗೆ ಒಂದೋ ಎರಡೋ ಸಾಕು, ಆದರೆ ಅವು ಏನಾದರೂ ಕೆಲಸ ಮಾಡಬೇಕು. ಅಂಕಿ ಅಂಶ ಒಂದೂ ಇಲ್ಲದೆ ಮಾಸ್ಲೊ, ಹರ್ಜ್‌ಬರ್ಗ್, ಟಕ್‌ಮನ್ ಅಂತ ಮ್ಯಾನೇಜ್‌ಮೆಂಟ್ ಪಾಠದಲ್ಲಿ ಬರುವ ಥಿಯರಿಕಾರರನ್ನೆಲ್ಲ ಸಾಲಾಗಿ ನಿಲ್ಲಿಸುವುದು ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಮುಡಿದ ಹಾಗೆ. ಟಕ್‌ಮನ್ 1965ರಲ್ಲಿ ಟೀಮ್ ಬೆಳೆಯುವ ನಾಲ್ಕು ಹಂತ ಹೇಳಿದರು, ಐದನೆಯದು 1977ರಲ್ಲಿ ಸೇರಿತು. ಸರಿ, ಅದರಿಂದ ನಿಮ್ಮ ಲಾರಿ ಲೋಡಿಗೆ ಏನಾಯಿತು? ಏನೂ ಇಲ್ಲ ಅಂದರೆ ಬಿಟ್ಟುಬಿಡಿ. ಟೀಮ್ ಕಟ್ಟುವುದರ ಬಗ್ಗೆ ಯೂನಿಟ್ ಬಂದಾಗ ಅದು ಬೇಕಾಗುತ್ತದೆ.

ನಿಮ್ಮ ಕೇಸಿನಲ್ಲಿ ನಾನಾಗಿದ್ದರೆ ಮನಶ್ಶಾಸ್ತ್ರಜ್ಞ ಕರ್ಟ್ ಲೆವಿನ್ ಅವರ ಫೋರ್ಸ್ ಫೀಲ್ಡ್ ಥಿಯರಿ ತಗೊಳ್ಳುತ್ತಿದ್ದೆ. ಬದಲಾವಣೆಯನ್ನು ಮುಂದೆ ತಳ್ಳುವ ಬಲಗಳು ಒಂದು ಕಡೆ, ಹಿಂದೆ ಎಳೆಯುವವು ಇನ್ನೊಂದು ಕಡೆ. ತಳ್ಳುವ ಕಡೆ ಗ್ರಾಹಕರ ದೂರುಗಳು, ಮತ್ತೆ ಮತ್ತೆ ಲೋಡ್ ಮಾಡುವ ಬೇಸರ. ಎಳೆಯುವ ಕಡೆ ಶಿಫ್ಟ್ ಮುಗಿದ ಮೇಲೆ ಬರೆಯುತ್ತ ಕೂರಬೇಕೆನ್ನುವ ಸಿಟ್ಟು, ‘ತಪ್ಪು ಯಾರದ್ದು ಅಂತ ಹಿಡಿಯೋಕೆ ಈ ಫಾರ್ಮ್’ ಅನ್ನುವ ಅನುಮಾನ. ಲೆವಿನ್ ಹೇಳಿದ್ದರಲ್ಲಿ ನಿಮಗೆ ಉಪಯೋಗವಾಗುವುದು ಇದು: ತಳ್ಳುವ ಬಲ ಹೆಚ್ಚಿಸಿದರೆ ಎದುರಿನ ಬಿಗುವೂ ಹೆಚ್ಚುತ್ತದೆ, ಎಳೆಯುವ ಬಲವನ್ನು ಸಡಿಲಿಸುವುದು ಮೇಲು. ಅದಕ್ಕೇ ಫಾರ್ಮಿನಲ್ಲಿ ಬರೆದವರ ಹೆಸರಿನ ಕಾಲಂ ತೆಗೆದೆ, ಮೂರೇ ಪ್ರಶ್ನೆಗೆ ಇಳಿಸಿದೆ ಅಂತ ನೀವು ಬರೆಯುವಂತಿದ್ದರೆ, ಮತ್ತು ಅದು ನಿಜವಾಗಿದ್ದರೆ, ಥಿಯರಿ ದುಡಿಯಿತು ಅಂತ ಅರ್ಥ. ಥಿಯರಿಯ ಹೆಸರು ಅಳಿಸಿದರೂ ನಿಮ್ಮ ವಾದದಲ್ಲಿ ಏನೂ ಬದಲಾಗುವುದಿಲ್ಲ ಅನ್ನುವ ಹಾಗಿದ್ದರೆ ಅದು ಬರೀ ಅಲಂಕಾರ. ಮುಂದೆ ಲೆವೆಲ್ 5ಕ್ಕೆ ಹೋದಾಗ ಮಾತು ಬೇರೆ. ಅಲ್ಲಿ ಥಿಯರಿ ಎಲ್ಲಿ ಸೋಲುತ್ತದೆ ಅಂತಲೂ ಕೇಳುತ್ತಾರೆ, ಒಂದು ಟೀಮ್ ಅಲ್ಲ, ಇಡೀ ಸಂಸ್ಥೆಯ ಮೇಲೆ ಕಣ್ಣಿಡಬೇಕಾಗುತ್ತದೆ.

ಸಾಕ್ಷಿಗಳ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಖಾಲಿ ಫಾರ್ಮ್, ಮೀಟಿಂಗ್ ಟಿಪ್ಪಣಿ, ಲಾಗ್‌ನ ಒಂದು ಪುಟ ಇವನ್ನು ಅನುಬಂಧದಲ್ಲಿ ಇಡಿ. ಆದರೆ ಅನುಬಂಧದಲ್ಲಿ ಇದ್ದದ್ದಕ್ಕೇ ಅಂಕ ಬರುವುದಿಲ್ಲ. ಮುಖ್ಯ ಬರಹದಲ್ಲಿ ‘ಅನುಬಂಧ 2ರ ಮೂರನೇ ಸಾಲು ನೋಡಿ, ಇದರಿಂದ ಗೊತ್ತಾಗುವುದು ಇದು’ ಅಂತ ಎಳೆದು ತಂದರೆ ಮಾತ್ರ ಲೆಕ್ಕಕ್ಕೆ. ಮೂವತ್ತು ಪುಟ ಇಮೇಲ್ ಸುಮ್ನೆ ಅಂಟಿಸಬೇಡಿ. ಒಮ್ಮೆ ನನ್ನ ಕೈಗೆ ಬಂದ ಅಸೈನ್‌ಮೆಂಟಿನಲ್ಲಿ ಟೀಮಿನವರ ಪೂರ್ತಿ ಹೆಸರು, ಯಾರು ಯಾವ ಕಾಯಿಲೆಗೆ ರಜೆ ಹಾಕಿದ್ದರು ಅನ್ನುವವರೆಗೆ ಎಲ್ಲವೂ ಇತ್ತು. ಓದದೆ ಹಾಗೇ ವಾಪಸ್ ಕಳಿಸಬೇಕಾಯಿತು. ಹೆಸರಿನ ಬದಲು ಸದಸ್ಯ ಎ, ಸದಸ್ಯ ಬಿ ಅಂತ ಹಾಕಿ, ಗ್ರಾಹಕರ ಹೆಸರಿಗೆ ಕಪ್ಪು ಪಟ್ಟಿ ಎಳೆಯಿರಿ.

ಎಐ ಉಪಕರಣದ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಈಗ ಎಲ್ಲರ ಮನಸ್ಸಿನಲ್ಲೂ ಇರುತ್ತದೆ. ನಿಮ್ಮ ಸೆಂಟರ್‌ನ ನಿಯಮ ಮೊದಲು ಓದಿ, ಬಳಸಿದ್ದರೆ ಬಳಸಿದ್ದೇನೆ ಅಂತ ಹೇಳಿ. ನಿಯಮ ಬದಿಗಿಟ್ಟರೂ, ಇಂತಹ ಅಸೈನ್‌ಮೆಂಟ್ ಬರೆಯಲು ಅದರಿಂದ ದೊಡ್ಡ ಉಪಕಾರ ಇಲ್ಲ. ಹಗಲು ಲೀಡರ್ ಆರು ಗಂಟೆಗೆ ಎಲ್ಲಿದ್ದರು ಅಂತ ಅದಕ್ಕೆ ಗೊತ್ತಿಲ್ಲ. ಗೊತ್ತಿಲ್ಲದ ಕಡೆಯೆಲ್ಲ ಅದು ನೀವು ಬರೆದ ಹಾಗೆಯೇ ‘ಎಲ್ಲರೂ ಒಪ್ಪಿದರು, ಈಗ ಪರಿಸ್ಥಿತಿ ಚೆನ್ನಾಗಿದೆ’ ಅಂತ ಬರೆದು ಕೊಡುತ್ತದೆ!

ಸಮಯ ಎಷ್ಟು ಬೇಕು? ಬ್ರಿಟನ್‌ನ ಈ ಕೋರ್ಸುಗಳಲ್ಲಿ ಒಂದು ಕ್ರೆಡಿಟ್ ಅಂದರೆ ಹತ್ತು ಗಂಟೆಯ ಕಲಿಕೆ ಅಂತ ಲೆಕ್ಕ. ಸಮಸ್ಯೆ ಬಿಡಿಸುವ ನಿಮ್ಮ ಯೂನಿಟ್ 2 ಕ್ರೆಡಿಟ್‌ನದ್ದು, ಅಂದರೆ ಕ್ಲಾಸು, ಓದು, ಬರವಣಿಗೆ ಎಲ್ಲ ಸೇರಿ ಸುಮಾರು 20 ಗಂಟೆ. ಮೂರು ಕ್ರೈಟೀರಿಯಾ ತಿದ್ದಲು ಎರಡು ಸಂಜೆ ಸಾಕು. ಮೊದಲ ಸಂಜೆ ಬರೆಯಲೇ ಬೇಡಿ, ಲಾಗ್ ತೆಗೆದು ಎಣಿಸಿ. ಎರಡನೇ ಸಂಜೆ ಫೋನಿನಲ್ಲಿ ರೆಕಾರ್ಡ್ ಒತ್ತಿ, ಗೆಳೆಯರೊಬ್ಬರಿಗೆ ಹೇಳುವ ಹಾಗೆ ‘ಯಾಕೆ ಹಾಗೆ ಮಾಡಿದೆ ಅಂದ್ರೆ...’ ಅಂತ ಹತ್ತು ನಿಮಿಷ ಮಾತಾಡಿ, ಆಮೇಲೆ ಅದನ್ನು ಕೇಳುತ್ತಾ ಬರೆಯಿರಿ. ಬರೆಯಲು ಕೂತರೆ ಕೈ ಓಡದವರಿಗೆ ನಾನು ಹೇಳಿಕೊಡುವ ಉಪಾಯ ಇದೊಂದೇ. ಪದಮಿತಿ ಮೀರಿದರೆ ಕಂಪನಿಯ ಪರಿಚಯದ ಪ್ಯಾರಾ ಕತ್ತರಿಸಿ. ಅದು ಯಾವಾಗಲೂ ಬೇಕಾದ್ದಕ್ಕಿಂತ ಎರಡು ಪಟ್ಟು ಉದ್ದ ಇರುತ್ತದೆ.

ಕೊನೆಯ ಪ್ರಶ್ನೆ, ಮ್ಯಾನೇಜರ್‌ಗೆ ತೋರಿಸಬಹುದಾ ಅಂತ. ತೋರಿಸಿ, ಆದರೆ ಸಲ್ಲಿಸುವ ಮೊದಲು. ಎರಡು ಕಾರಣ. ಲಾಗ್‌ನ ಅಂಕಿಗಳನ್ನು ಹೊರಗಿನವರಿಗೆ ತೋರಿಸಲು ಅವರ ಒಪ್ಪಿಗೆ ಬೇಕಾಗಬಹುದು. ಇನ್ನೊಂದು, ರೋಸ್ಟರ್ ವಿಷಯ. ಬಹುಶಃ ಆ ರೋಸ್ಟರ್ ಮಾಡಿದವರೇ ಅವರಿರಬಹುದು. ‘ನಿಮ್ಮ ರೋಸ್ಟರ್ ತಪ್ಪು’ ಅಂತ ಕಾಗದದಲ್ಲಿ ಮೊದಲು ಓದುವುದಕ್ಕಿಂತ, ‘ಲೀಡರ್ ಹತ್ತು ನಿಮಿಷ ಬೇಗ ಬಂದರೆ ಹೀಗೆ ಆಗುತ್ತೆ, ಲೆಕ್ಕ ಇಲ್ಲಿದೆ’ ಅಂತ ನಿಮ್ಮ ಬಾಯಿಂದ ಕೇಳುವುದು ಅವರಿಗೂ ಹಗುರ. ಅವರು ಬೇಡ ಅಂದರೆ ಯಾಕೆ ಬೇಡ ಅಂದರು ಅಂತ ಬರೆದುಕೊಂಡು ಬನ್ನಿ, ಅದಕ್ಕೂ ಅಸೈನ್‌ಮೆಂಟಿನಲ್ಲಿ ಜಾಗ ಇದೆ.